ಯಹೂದಿ ಹಾರೈಕೆ: ಯಾರಿಗೆ ಏನು ಹೇಳಬಾರದು

ಯಹೂದಿ ಮದುವೆಗಳಲ್ಲಿ ಇನ್ನೂ ಮದುವೆಯಾಗದ ಹೆಣ್ಣಿಗೆ ‘ಬೆಕರೋವ್ ಎಟ್ಸ್‌ಲೇಖ್’ ಅನ್ನುವುದು ರೂಢಿ. ಬೇಗ ನಿನ್ನದೂ ಆಗಲಿ ಅಂತ. ಮೂವತ್ತೈದು ದಾಟಿದವಳಿಗೆ ಒಂದೇ ಸಂಜೆ ಹತ್ತು ಜನ ಹೀಗೆ ಹೇಳಿದರೆ ಅದು ಚುಚ್ಚುಮಾತೇ. ‘ನೀವು ಬಂದದ್ದು ಖುಷಿಯಾಯಿತು’ ಎಂದು ಬೇರೆ ಸುದ್ದಿಗೆ ಹೊರಳಿ. ವರನ ಮಾತು ಅವಳೇ ಎತ್ತಿದರೆ ಆಗ ಹಾರೈಸಿ. ಗಂಡುಮಗುವಿನ ಎಂಟನೇ ದಿನದ ಸುನ್ನತಿ ಸಮಾರಂಭದಲ್ಲಿ, ಮಕ್ಕಳಿಲ್ಲದ ದಂಪತಿಯ ಮುಂದಂತೂ ‘ಬೇಗ ನಿಮಗೂ ಆಗಲಿ’ ಎಂಬ ಈ ಹಾರೈಕೆ ಬೇಡವೇ ಬೇಡ. ಅವರು ಅಲ್ಲಿಗೆ ಬಂದಿರುವುದೇ ದೊಡ್ಡದು.

ಗರ್ಭಿಣಿಗೆ ‘ಮಜಲ್ ತೋವ್’, ಅಂದರೆ ಅಭಿನಂದನೆ, ಅನ್ನಬೇಡಿ. ಹೆರಿಗೆಗೆ ಮುಂಚೆ ಅಭಿನಂದಿಸಿದರೆ ದೃಷ್ಟಿಯಾದೀತೆಂಬ ಅಳುಕು ಹಲವರಿಗಿದೆ. ‘ಬೆಶಾಆ ತೋವಾ’, ಅಂದರೆ ಒಳ್ಳೆಯ ಗಳಿಗೆಯಲ್ಲಿ ಆಗಲಿ, ಎಂದರೆ ಸಾಕು.

ಪ್ರವಾದಿ ಮೋಶೆಯಂತೆ 120 ವರ್ಷ ಬಾಳಿ ಎಂಬ ‘ಅದ್ ಮೇಆ ವೆಎಸ್ರಿಮ್’ ಎಪ್ಪತ್ತರ ಹುಟ್ಟುಹಬ್ಬಕ್ಕೆ ಚೆಂದ, ಹಾಸಿಗೆ ಹಿಡಿದು ನರಳುವವರಿಗಲ್ಲ. ಹುಟ್ಟಿನಿಂದ ಗಾಲಿಕುರ್ಚಿಯಲ್ಲಿರುವವರಿಗೆ ‘ರೆಫುಆ ಶ್ಲೇಮಾ’, ಪೂರ್ಣ ಗುಣವಾಗಲಿ, ಎಂದರೆ ಅವರಲ್ಲಿ ಕೊರತೆ ಎತ್ತಿ ತೋರಿಸಿದಂತೆ. ಜ್ವರ ಬಂದಾಗ ಹೇಳಿ.

ಸಾವಿನ ಮನೆಯ 7 ದಿನಗಳ ಶೋಕಾಚರಣೆಯಾದ ‘ಶಿವಾ’ದಲ್ಲಿ ‘ಶಾಲೋಮ್’ ಎಂಬ ನಮಸ್ಕಾರದ ಮಾತು ಕೂಡ ಬೇಡ. ನೀವು ಸುಮ್ಮನೆ ಕೂತಿರಿ, ದುಃಖದಲ್ಲಿರುವವರೇ ಮೊದಲು ಮಾತಾಡಲಿ.