ಕಾನ್ಫರೆನ್ಸ್ ಬಲ ಅಳೆಯಲು ನಾನು ನೋಡುವುದು ಮಾರ್ಚ್ ಅಲ್ಲ, ಡಿಸೆಂಬರ್

ನಾನಿರುವುದು ಅಮೆರಿಕದ ನಾರ್ತ್ ಕೆರೊಲಿನಾದ ರಾಲಿಯಲ್ಲಿ. ಇಲ್ಲಿ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. 2024ರ ಮಾರ್ಚ್‌ನಲ್ಲಿ ಊರಿನ ತಂಡ ಎನ್‌ಸಿ ಸ್ಟೇಟ್ ಐದು ದಿನದಲ್ಲಿ ಐದು ಆಟ ಗೆದ್ದು ತನ್ನ ಕಾನ್ಫರೆನ್ಸ್ (ತಮ್ಮೊಳಗೇ ಲೀಗ್ ಆಡುವ ಕಾಲೇಜುಗಳ ಗುಂಪು) ಆದ ಎಸಿಸಿಯ ಕಪ್ ಎತ್ತಿತು. ಆಮೇಲೆ ಕಾಲೇಜ್ ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಟೂರ್ನಿಯಲ್ಲಿ, ಅಂದರೆ ಎಲ್ಲ ಕಾನ್ಫರೆನ್ಸ್‌ಗಳ ಆಯ್ದ ತಂಡಗಳು ಮಾರ್ಚ್‌ನಲ್ಲಿ ಆಡುವ ಟೂರ್ನಿಯಲ್ಲಿ, ಕೊನೆಯ ನಾಲ್ಕರವರೆಗೂ ಹೋಯಿತು. ಎಸಿಸಿಯಿಂದ ಟೂರ್ನಿಗೆ ಹೋಗಿದ್ದ ಐದು ತಂಡಗಳಲ್ಲಿ ನಾಲ್ಕು ಕೊನೆಯ 16ರಲ್ಲಿದ್ದವು. ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಮಾತು: "ನಮ್ಮ ಕಾನ್ಫರೆನ್ಸೇ ಗಟ್ಟಿ!" ನನಗೂ ತುಂಬಾ ಖುಷಿಯಾಗಿತ್ತು. ಆದರೆ ನನ್ನ ಎಕ್ಸೆಲ್ ಶೀಟಿನಲ್ಲಿ ಎಸಿಸಿಯ ಸ್ಥಾನವನ್ನು ಮೇಲಕ್ಕೆ ಎತ್ತಲಿಲ್ಲ.

ಇಲ್ಲಿ ಮೇಲಿನ ದರ್ಜೆಯಲ್ಲೇ 360ಕ್ಕೂ ಹೆಚ್ಚು ಕಾಲೇಜ್ ತಂಡಗಳಿವೆ. ಅವು 30ಕ್ಕೂ ಹೆಚ್ಚು ಕಾನ್ಫರೆನ್ಸ್‌ಗಳಲ್ಲಿ ಹಂಚಿಹೋಗಿವೆ. ಮೊದಮೊದಲು ನಾನು ಎಲ್ಲ ಗೆಲುವುಗಳನ್ನೂ ಕೂಡಿಸಿ ಹೋಲಿಸುತ್ತಿದ್ದೆ. ಅದು ತಪ್ಪು. ಕಾನ್ಫರೆನ್ಸ್ ಒಳಗಿನ ಆಟದಲ್ಲಿ ಒಬ್ಬರ ಗೆಲುವು ಅಂದರೆ ಇನ್ನೊಬ್ಬರ ಸೋಲು. ಹಾಗಾಗಿ ಗಟ್ಟಿ ಕಾನ್ಫರೆನ್ಸ್ ಇರಲಿ, ಸಪ್ಪೆ ಕಾನ್ಫರೆನ್ಸ್ ಇರಲಿ, ಒಳಗಿನ ಲೆಕ್ಕ ಯಾವಾಗಲೂ ಅರ್ಧಕ್ಕರ್ಧ. ರಣಜಿಯಲ್ಲಿ ಪ್ಲೇಟ್ ಗುಂಪಿನ ಶತಕವನ್ನೂ ಎಲೈಟ್ ಗುಂಪಿನ ಶತಕವನ್ನೂ ಬರೀ ಸಂಖ್ಯೆ ನೋಡಿ ತೂಗೋಕಾಗಲ್ಲ, ಅಲ್ವಾ? ಎರಡು ಗುಂಪುಗಳು ಎದುರಾದಾಗಲೇ ತಿಳಿಯೋದು. ಇಲ್ಲಿ ಹಾಗೆ ಎದುರಾಗೋದು ಹೆಚ್ಚಾಗಿ ನವೆಂಬರ್, ಡಿಸೆಂಬರ್‌ನಲ್ಲಿ.

ಆದ್ದರಿಂದ ಈಗ ಒಳಗಿನ ಆಟಗಳನ್ನೆಲ್ಲ ಮೊದಲೇ ತೆಗೆದುಬಿಡುತ್ತೇನೆ. ಉಳಿದವುಗಳಲ್ಲೂ ಜರಡಿ ಹಿಡಿಯಬೇಕು. ದೊಡ್ಡ ಕಾಲೇಜುಗಳು ಚಿಕ್ಕ ಕಾಲೇಜುಗಳಿಗೆ ದುಡ್ಡು ಕೊಟ್ಟು ತಮ್ಮ ಅಂಗಳಕ್ಕೆ ಕರೆಸಿ ಸೋಲಿಸುತ್ತವೆ. ಅಂಥ ಗೆಲುವು ಎಷ್ಟಿದ್ದರೂ ನನಗೆ ಬೇಡ. ಆಟ ಎಲ್ಲಿ ನಡೆಯಿತು ಅನ್ನೋದನ್ನು ಮಾತ್ರ ತಪ್ಪದೆ ಬರೆದುಕೊಳ್ಳುತ್ತೇನೆ. ಎನ್‌ಸಿಎಎ 2018-19ರಿಂದ ಬಳಸುತ್ತಿರುವ ನೆಟ್ (NET) ಅನ್ನುವ ತಂಡಗಳ ಶ್ರೇಯಾಂಕ ಪಟ್ಟಿಯಲ್ಲೂ ಇದೇ ವಿಚಾರ ಇದೆ. ಸ್ವಂತ ಅಂಗಳದಲ್ಲಾದರೆ ಮೊದಲ 30ರೊಳಗಿನ ತಂಡವನ್ನು ಸೋಲಿಸಿದರೆ ಮಾತ್ರ ಅದು ಮೇಲಿನ ದರ್ಜೆಯ ಗೆಲುವು. ಎದುರಾಳಿಯ ಊರಿಗೇ ಹೋಗಿ ಗೆದ್ದರೆ 75ನೇ ತಂಡದವರೆಗೂ ಆ ದರ್ಜೆ ಸಿಗುತ್ತದೆ. ನಾನು ಈ ಗೆರೆಗಳನ್ನೇ ಇಟ್ಟುಕೊಂಡಿದ್ದೇನೆ.

ಆಮೇಲೆ ತಲೆಯನ್ನು ನೋಡುವುದಿಲ್ಲ, ನಡುವನ್ನು ನೋಡುತ್ತೇನೆ. 16 ತಂಡಗಳಿದ್ದರೆ ಎಂಟನೆಯದು, ಒಂಬತ್ತನೆಯದು ಎಲ್ಲಿವೆ? ಡ್ಯೂಕ್‌ನಂಥ ಒಂದು ದೊಡ್ಡ ತಂಡ ಇದ್ದ ಮಾತ್ರಕ್ಕೆ ವಾರವಾರವೂ ಕಷ್ಟದ ಆಟ ಇರುತ್ತದೆ ಅಂತೇನಿಲ್ಲ. ನಡುವಿನ ತಂಡದ ಊರಿಗೆ ಹೋಗಿ ಗೆಲ್ಲೋದು ಎಷ್ಟು ಕಷ್ಟ ಅನ್ನೋದೇ ನನಗೆ ಕಾನ್ಫರೆನ್ಸಿನ ನಿಜವಾದ ಅಳತೆ.

ಇದನ್ನು ನನಗೆ ಮನದಟ್ಟು ಮಾಡಿದ್ದು 2011ರ ಬಿಗ್ ಈಸ್ಟ್ ಕಾನ್ಫರೆನ್ಸ್. 16ರಲ್ಲಿ 11 ತಂಡಗಳು ಟೂರ್ನಿಗೆ ಹೋದವು, ಆಗ ಅದು ದಾಖಲೆ. ಕೊನೆಯ 16ಕ್ಕೆ ಬಂದದ್ದು ಎರಡೇ. ಸುಮ್ನೆ ಹೊಗಳಿದ್ದರು ಅಂತ ಜನ ಆಡಿಕೊಂಡರು. ಆದರೆ ಆ ಎರಡರಲ್ಲಿ ಒಂದಾದ ಕನೆಕ್ಟಿಕಟ್ ಕಪ್ಪನ್ನೇ ಗೆದ್ದಿತು. ಒಳಗಿನ ಲೀಗ್‌ನಲ್ಲಿ ಅದರದ್ದು 9 ಗೆಲುವು, 9 ಸೋಲು! ಅಪ್ಪಟ ನಡುವಿನ ತಂಡ. ಅಷ್ಟೇ ಅಲ್ಲ, ಕೊನೆಯ 16ಕ್ಕೆ ಹೋಗುವ ಆಟದಲ್ಲಿ ಅದು ಸೋಲಿಸಿದ್ದು ಸಿನ್ಸಿನಾಟಿಯನ್ನು, ಇನ್ನೊಂದು ತಂಡವಾದ ಮಾರ್ಕೆಟ್ ವಿಶ್ವವಿದ್ಯಾಲಯ ಸೋಲಿಸಿದ್ದು ಸಿರಾಕ್ಯೂಸ್ ಅನ್ನು. ಸೋತ ಇಬ್ಬರೂ ಬಿಗ್ ಈಸ್ಟ್‌ನವರೇ. ಸೋತರೆ ಮನೆಗೆ ಅನ್ನುವ ಟೂರ್ನಿಯಲ್ಲಿ ಒಂದೊಂದು ಆಟದಿಂದ ಕಾನ್ಫರೆನ್ಸ್ ತೂಗಿದರೆ ಹೀಗೆ ಎರಡು ತದ್ವಿರುದ್ಧ ಉತ್ತರ ಸಿಗುತ್ತದೆ.

ಡಿಸೆಂಬರ್‌ನಲ್ಲಿ ಕಳೆದುಕೊಂಡದ್ದನ್ನು ಫೆಬ್ರುವರಿಯಲ್ಲಿ ತುಂಬಿಕೊಳ್ಳೋದೂ ಕಷ್ಟ. ಆಗ ಎಲ್ಲರೂ ತಮ್ಮತಮ್ಮೊಳಗೇ ಆಡುತ್ತಿರುತ್ತಾರೆ. ಹೊರಗೆ ಸೋತು ಬಂದವರನ್ನು ಸೋಲಿಸಿದರೆ ಬೆಲೆ ಕಡಿಮೆ.

ಎನ್‌ಸಿ ಸ್ಟೇಟ್ ಓಟ ಮುಗಿದು ಒಂಬತ್ತು ತಿಂಗಳಾಗಿರಲಿಲ್ಲ, 2024ರ ಡಿಸೆಂಬರ್ ಮೊದಲ ವಾರ ಎಸಿಸಿ ಮತ್ತು ಎಸ್ಇಸಿ ಅನ್ನುವ ಇನ್ನೊಂದು ಕಾನ್ಫರೆನ್ಸಿನ ತಂಡಗಳು ಮುಖಾಮುಖಿಯಾದವು. 16 ಆಟ. ಎಸ್ಇಸಿ 14 ಗೆದ್ದಿತು. ನನ್ನ ಶೀಟಿಗೆ ಇದಕ್ಕಿಂತ ಶುದ್ಧವಾದ ಹೋಲಿಕೆ ಮತ್ತೆ ಸಿಕ್ಕಿಲ್ಲ. ಮರುವರ್ಷ ಮಾರ್ಚ್‌ನಲ್ಲಿ ಎಸ್ಇಸಿಯಿಂದ 14 ತಂಡಗಳು ಟೂರ್ನಿಗೆ ಹೋದವು, ಬಿಗ್ ಈಸ್ಟ್‌ನ 11ರ ದಾಖಲೆ ಮುರಿಯಿತು. ಎಸಿಸಿಯಿಂದ ಹೋದದ್ದು ನಾಲ್ಕು.

ಡಿಸೆಂಬರ್‌ನಲ್ಲಿ ಎಸಿಸಿ ಗೆದ್ದ ಆ ಎರಡು ಆಟ, ಆಬರ್ನ್ ಎದುರು ಡ್ಯೂಕ್, ಕೆಂಟಕಿ ಎದುರು ಕ್ಲೆಮ್ಸನ್. ಎರಡೂ ಸ್ವಂತ ಅಂಗಳದಲ್ಲಿ.