ಕಲ್ಪನೆಯ ದ್ವೀಪ ಕಟ್ಟೋದು: ಮೊದಲು ಗಾಳಿ, ಆಮೇಲೆ ರಾಜ

ಕಥೆಗೆ ದ್ವೀಪ ಬೇಕು ಅಂದ ತಕ್ಷಣ ಎಲ್ಲರೂ ರಾಜನ ಹೆಸರಿನಿಂದ ಶುರು ಮಾಡುತ್ತಾರೆ. ಬೇಡ. ಒಂದು ಹಾಳೆ ತಗೊಂಡು, ಗಾಳಿ ಯಾವ ಕಡೆಯಿಂದ ಬೀಸುತ್ತೆ ಅಂತ ಬಾಣ ಹಾಕಿ. ನಡುವೆ ಬೆಟ್ಟದ ಸಾಲು ಎಳೆದರೆ ಗಾಳಿ ಬಡಿಯುವ ಮಗ್ಗುಲಲ್ಲಿ ಮಳೆ, ಕಾಡು, ಜಿಗಣೆ; ಆಚೆ ಬದಿಯಲ್ಲಿ ಕುರಿ, ಜಾಲಿಮುಳ್ಳು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಘಟ್ಟದಿಂದ ದೂರದ ಚಳ್ಳಕೆರೆಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ, ಅಲ್ವಾ?

ಊರುಗಳನ್ನು ಸುಮ್ನೆ ಚುಕ್ಕಿ ಇಟ್ಟು ಹರಡಬೇಡಿ. ಸಿಹಿನೀರು ಸಿಗುವ, ದೋಣಿಯೂ ನಿಲ್ಲುವ ಜಾಗ, ಅಂದರೆ ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ, ದೊಡ್ಡ ಊರು. ನನ್ನ ಮೊದಲ ನಕ್ಷೆಯಲ್ಲಿ ಹೊಳೆ ಸಮುದ್ರದಿಂದ ಹೊರಟು ಬೆಟ್ಟ ಹತ್ತಿತ್ತು! ತಂಗಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ದಂತಕಥೆಗೆ ಕಣ್ಣಿಗೆ ಕಾಣುವ ಒಂದು ವಿಚಿತ್ರ ಬೇಕು. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಲಾವಾ ತಣ್ಣಗಾಗಿ ಮೂಲೆಮೂಲೆಯ ಕಲ್ಲುಕಂಬಗಳಾಗಿವೆ, ಜನ ಮಾತ್ರ 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದ ಅಂತ ಹೇಳುತ್ತಾರೆ. ನಿಮ್ಮ ದ್ವೀಪದಲ್ಲೂ ಅಂಥ ಕಲ್ಲಿಡಿ. ಮೀನುಗಾರರು ಒಂದು ಕಥೆ ಹೇಳಲಿ, ಅರಮನೆಯವರು ಇನ್ನೊಂದು. ಯಾವುದು ನಿಜ ಅಂತ ನೀವು ಹೇಳೋಕೆ ಹೋಗಬೇಡಿ.