ಗೋಲು ಎಣಿಸದೆ ಸ್ಟ್ರೈಕರ್ ಹುಡುಕುವುದು: ನನ್ನ ಅನುಭವ

ಮೈಸೂರಿನಲ್ಲಿ ಫುಟ್‌ಬಾಲ್ ಟೂರ್ನಿಗೆ ತಂಡ ಕಟ್ಟುವವರು ಮೊದಲು ಕೇಳುವುದೇ ‘ಎಷ್ಟು ಗೋಲು ಹೊಡೆದಿದ್ದಾನೆ?’ ಅಂತ. ಗೋಲು ಹೊಡೆದವನಿಗೆ ನಾಲ್ಕು ತಂಡದಿಂದ ಕರೆ, ಉಳಿದವನಿಗೆ ಬೆಂಚು. ನಾನು ಹುಡುಕುವುದು ಆ ಬೆಂಚಿನಲ್ಲೇ. ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಕ್ಲಬ್ ಕೂಡ ಅಂಕಿಅಂಶ ನೋಡಿ ಆಟಗಾರರನ್ನು ಆರಿಸುವುದಕ್ಕೇ ಹೆಸರುವಾಸಿ. 2017ರಲ್ಲಿ ಅಲ್ಲಿನ ನಾಲ್ಕನೇ ಹಂತದ ಲೀಗ್‌ನ ಎಕ್ಸೆಟರ್ ತಂಡದಿಂದ ಸ್ಟ್ರೈಕರ್ ಆಲಿ ವಾಟ್ಕಿನ್ಸ್‌ನನ್ನು ತಂದರು; 2020ರಲ್ಲಿ ಆಸ್ಟನ್ ವಿಲ್ಲಾ ಕ್ಲಬ್ ಆವರೆಗಿನ ತನ್ನ ದಾಖಲೆ ಮೊತ್ತ ಕೊಟ್ಟು ಅವನನ್ನು ಕೊಂಡಿತು.

ನಮ್ಮ ಪಂದ್ಯಗಳಿಗೆ ಸಿದ್ಧ ಡೇಟಾ ಸಿಗುವುದಿಲ್ಲ. ಮೊಬೈಲನ್ನು ಮಧ್ಯಗೆರೆಯ ನೇರಕ್ಕೆ, ಆದಷ್ಟು ಎತ್ತರದ ಮೆಟ್ಟಿಲ ಮೇಲೆ ನಿಲ್ಲಿಸಿ. ಗೋಲ್‌ಪೋಸ್ಟ್ ಹಿಂದೆ ಇಟ್ಟರೆ ದೂರ ಗೊತ್ತಾಗುವುದಿಲ್ಲ. ಆಮೇಲೆ ಎಕ್ಸೆಲ್‌ನಲ್ಲಿ ಒಂದು ಶಾಟ್‌ಗೆ ಒಂದು ಸಾಲು: ನಿಮಿಷ, ಹೊಡೆದವನು, ಜಾಗ, ಕಾಲೋ ತಲೆಯೋ, ಪಾಸ್ ಕೊಟ್ಟವನು.

ಜಾಗಕ್ಕೆ ನಾಲ್ಕೇ ಭಾಗ ಸಾಕು. ಅಲ್ಲಿಂದ ಹೊಡೆದ ಶಾಟ್ ಗೋಲಾಗುವ ಸಂಭವ ಎಷ್ಟು ಅನ್ನುವುದೇ ಆ ಭಾಗದ ಅಂಕಿ. 5.5 ಮೀಟರ್‌ನ ಸಣ್ಣ ಬಾಕ್ಸ್‌ನೊಳಗೆ 0.35, ದೊಡ್ಡ ಬಾಕ್ಸ್‌ನ ನಡುವೆ 0.15, ಅದರ ಪಕ್ಕಗಳಲ್ಲಿ 0.06, ಹೊರಗಿನಿಂದ 0.03. ಹೆಡರ್ ಆದರೆ ಅರ್ಧ. ಇವು ನಾನು ಇಟ್ಟುಕೊಂಡ ಒರಟು ಅಂದಾಜು; ಫುಟ್‌ಬಾಲ್ ಡೇಟಾ ಕಂಪನಿ ಸ್ಟ್ಯಾಟ್ಸ್‌ಬಾಂಬ್ ಉಚಿತವಾಗಿ ಕೊಡುವ ಪಂದ್ಯಗಳ ಶಾಟ್‌ಗಳನ್ನು ಇದೇ ನಾಲ್ಕು ಭಾಗಕ್ಕೆ ಹಂಚಿ ನೀವೇ ತಿದ್ದಿಕೊಳ್ಳಬಹುದು. ಅಲ್ಲಿ ಮೈದಾನ 120ಕ್ಕೆ 80, ಅದನ್ನು ಮೀಟರ್ ಅಂದುಕೊಂಡರೆ ಎಲ್ಲ ದೂರವೂ ತಪ್ಪುತ್ತದೆ. ಪೆನಾಲ್ಟಿಯನ್ನು ಸೇರಿಸಲೇಬೇಡಿ. ನಾಲ್ಕರಲ್ಲಿ ಮೂರು ಹೇಗೂ ಗೋಲಾಗುತ್ತವೆ, ಹೊಡೆಯೋದು ಯಾರು ಅನ್ನುವುದು ಕ್ಯಾಪ್ಟನ್ ಮರ್ಜಿ.

ಈಗ ಲೆಕ್ಕ. ಒಬ್ಬ 540 ನಿಮಿಷ ಆಡಿ 5 ಗೋಲು ಹೊಡೆದಿದ್ದಾನೆ ಅನ್ನಿ, ಅದರಲ್ಲಿ 2 ಪೆನಾಲ್ಟಿ. ಪೆನಾಲ್ಟಿ ಬಿಟ್ಟು ಉಳಿದ ಎಲ್ಲ ಶಾಟ್‌ಗಳ ಅಂಕಿ ಕೂಡಿದರೆ ಮೊತ್ತ 1.2. ಇನ್ನೊಬ್ಬ ಬದಲಿ ಆಟಗಾರ, 240 ನಿಮಿಷಕ್ಕೆ ಒಂದೇ ಗೋಲು, ಮೊತ್ತ 1.6. 90 ನಿಮಿಷಕ್ಕೆ ಇಳಿಸಿದರೆ ಮೊದಲನೆಯವನು 0.20, ಎರಡನೆಯವನು 0.60. ಇಲ್ಲಿಗೇ ನಿಲ್ಲಿಸಿ ಎಡವುವವರೇ ಜಾಸ್ತಿ, ಯಾಕೆಂದರೆ 240 ನಿಮಿಷ ಏನೇನೂ ಸಾಲದು. ಪ್ರತಿಯೊಬ್ಬರ ಲೆಕ್ಕಕ್ಕೂ ಸರಾಸರಿ ಸ್ಟ್ರೈಕರ್‌ನ 360 ನಿಮಿಷ ಬೆರೆಸಿ. ಆ ಸರಾಸರಿ 90 ನಿಮಿಷಕ್ಕೆ 0.25 ಆದರೆ ಬೆರೆಸುವುದು 1.0. ಆಗ ಮೊದಲನೆಯವನು 0.22, ಎರಡನೆಯವನು 0.39. ಅಂತರ ಕುಗ್ಗಿದರೂ ಬದಲಿ ಆಟಗಾರನೇ ಮೇಲೆ. ಅವನನ್ನು ಇನ್ನು ಮೂರು ಪಂದ್ಯ ಕೂತು ನೋಡಬಹುದು.

ಡಿಫೆಂಡರ್‌ಗಳ ವಿಷಯ ಕಷ್ಟ. ಚೆಂಡು ಸದಾ ಎದುರಾಳಿ ಕಾಲಲ್ಲೇ ಇದ್ದರೆ ಟ್ಯಾಕಲ್ ತಾನಾಗಿಯೇ ಹೆಚ್ಚುತ್ತದೆ. ಅದಕ್ಕೇ ಎದುರಾಳಿಯ 100 ಪಾಸ್‌ಗೆ ಎಷ್ಟು ಟ್ಯಾಕಲ್ ಎಂದು ನೋಡುತ್ತೇನೆ.

ಹೆಚ್ಚು ಕೆಡುವುದು ನಿಮಿಷದ ಲೆಕ್ಕ. ಅರ್ಧಕ್ಕೆ 30 ಅಂದವರು ಮಳೆ ಮೋಡ ಕಂಡರೆ 25ಕ್ಕೇ ಸೀಟಿ ಊದುತ್ತಾರೆ; ಬದಲಿ ಆಟಗಾರ ಇಳಿದ ಹೊತ್ತನ್ನು ಯಾರೂ ಬರೆಯುವುದಿಲ್ಲ, ವಿಡಿಯೋದಿಂದಲೇ ತೆಗೆಯಬೇಕು. ನಾಕೌಟ್ ಮೊದಲ ಸುತ್ತಿನ 7-0 ಪಂದ್ಯಗಳಲ್ಲಿ ಮೂರನೇ ಗೋಲಿನ ನಂತರದ ಶಾಟ್‌ಗಳನ್ನೂ ನಿಮಿಷಗಳನ್ನೂ ಪೂರ್ತಿ ಬಿಡುತ್ತೇನೆ.